ರೆಸಿನ್ ಮಿನಿಯೇಚರ್‌ಗೆ ಹಚ್ಚಿದ ಬಣ್ಣ ಉಗುರು ತಾಗಿದರೆ ಕಿತ್ತು ಬರುತ್ತದೆ, ಯಾಕೆ?

ಇದು ಸಾಮಾನ್ಯವಾಗಿ ಬಣ್ಣದ ತಪ್ಪಲ್ಲ. ರೆಸಿನ್ ಎಂಬ ದ್ರವ ಪ್ಲಾಸ್ಟಿಕ್‌ನಿಂದ 3ಡಿ ಪ್ರಿಂಟ್ ಆದ ಪುಟ್ಟ ಬೊಂಬೆಯ (ಮಿನಿಯೇಚರ್) ಮೈಮೇಲೆ ಗಟ್ಟಿಯಾಗದ ಹಸಿ ರೆಸಿನ್ ತೆಳುವಾಗಿ ಉಳಿದಿರುತ್ತದೆ, ಮುಟ್ಟಿದರೆ ಅಂಟಂಟು. ನೈಟ್ರೈಲ್ ಗ್ಲೌಸ್ ಹಾಕಿಕೊಂಡು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಯುವಿ (ನೇರಳಾತೀತ) ಬೆಳಕಿನಲ್ಲಿ ಗಟ್ಟಿ ಮಾಡಿ. ಪ್ರಿಂಟ್ ಆಗುವಾಗ ಬೊಂಬೆಗೆ ಆಸರೆಯಾಗಿದ್ದ ಕಡ್ಡಿಗಳನ್ನು (ಸಪೋರ್ಟ್) ಕಿತ್ತ ಕಡೆ ಮೊಡವೆಯಂಥ ಗುರುತು ಉಳಿಯುತ್ತದೆ ಅಲ್ವಾ, ಅದನ್ನು ನೀರು ತಾಗಿಸಿದ ಉಪ್ಪುಕಾಗದದಿಂದ ಉಜ್ಜಿ. ಒಣ ಪುಡಿ ಮೂಗಿಗೆ ಹೋಗಬಾರದು, ಮಾಸ್ಕ್ ಇರಲಿ.

ಬೊಂಬೆಯ ಬಿಡಿ ಭಾಗಗಳನ್ನು ಜೋಡಿಸಲು ಸೂಪರ್ ಗ್ಲೂ ಒಂದು ಹನಿ ಸಾಕು. ಪ್ಲಾಸ್ಟಿಕ್ ಕಿಟ್‌ಗಳಿಗೆ ಬಳಸುವ ‘ಸಿಮೆಂಟ್’ ಎಂಬ ಅಂಟು ರೆಸಿನ್ ಅನ್ನು ಕರಗಿಸುವುದಿಲ್ಲ, ಹಾಗಾಗಿ ಹಿಡಿಯುವುದೂ ಇಲ್ಲ.

ಆಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಮೊದಲು ಹೊಡೆಯುವ ತಳದ ಲೇಪ. ಇದನ್ನು ಮಾತ್ರ ಬಿಡಲೇಬೇಡಿ. ತೆಳುವಾಗಿ ಎರಡು ಸಲ ಹೊಡೆಯಿರಿ. ಅಕ್ರಿಲಿಕ್ ಬಣ್ಣಕ್ಕೂ ಸ್ವಲ್ಪ ನೀರು ಬೆರೆಸಿ. ದಪ್ಪಗೆ ಬಳಿದರೆ ಕಣ್ಣು, ಬೆರಳಿನ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.