ಸೂಕ್ಷ್ಮದರ್ಶಕದ ಸ್ಲೈಡಿನಲ್ಲಿ ಸಣ್ಣ ಕರುಳಿನ ಮೂರು ಭಾಗಗಳಾದ ಡಿಯೋಡಿನಮ್, ಜೆಜುನಮ್, ಇಲಿಯಮ್‌ಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಹೇಗೆ?
ವಿಲ್ಲೈ (ಕರುಳಿನ ಒಳಗೋಡೆಯಿಂದ ಬೆರಳಿನಂತೆ ಚಾಚಿದ ಭಾಗಗಳು; ಒಂದಾದರೆ ವಿಲ್ಲಸ್) ಮೂರರಲ್ಲೂ ಇರುತ್ತವೆ. ಅವುಗಳ ಆಕಾರವೊಂದನ್ನೇ ನೆಚ್ಚಿಕೊಂಡರೆ ಪ್ರಾಕ್ಟಿಕಲ್ಸ್‌ನಲ್ಲಿ ಎಡವುವುದು ಖಂಡಿತ.

ಮೊದಲು ಕಡಿಮೆ ಪವರಿನಲ್ಲಿ ಮಸ್ಕ್ಯುಲಾರಿಸ್ ಮ್ಯುಕೋಸಾ ಹುಡುಕಿ: ಕ್ರಿಪ್ಟ್‌ಗಳ (ವಿಲ್ಲೈ ಬುಡದಿಂದ ಒಳಕ್ಕಿಳಿದ ಕೊಳವೆಯಂಥ ಗ್ರಂಥಿಗಳ) ಬುಡಕ್ಕೆ ಹೊಂದಿಕೊಂಡು ಓಡುವ ತೆಳು ಗುಲಾಬಿ ಸ್ನಾಯುಪಟ್ಟಿ. ಅದರ ಕೆಳಗಿನ ಪದರದಲ್ಲಿ, ಅಂದರೆ ಸಬ್‌ಮ್ಯುಕೋಸಾದಲ್ಲಿ, ಮಸುಕು ಬಣ್ಣದ ಗ್ರಂಥಿಗಳು ಗೊಂಚಲುಗೊಂಚಲಾಗಿ ತುಂಬಿದ್ದರೆ ಅವು ಬ್ರನ್ನರ್ ಗ್ರಂಥಿಗಳು, ಅಂದರೆ ಡಿಯೋಡಿನಮ್. ಜಠರದಿಂದ ಬರುವ ಆಮ್ಲದ ಕಾಟ ತಡೆಯುವ ಕ್ಷಾರೀಯ ಲೋಳೆ ಇವುಗಳದ್ದೇ. ಕಡುನೇರಳೆ ಲಿಂಫಾಯ್ಡ್ ಗಂಟುಗಳು (ರೋಗನಿರೋಧಕ ಕೋಶಗಳ ಗುಂಪುಗಳು) ಒತ್ತೊತ್ತಾಗಿ ಗುಂಪುಗೂಡಿದ್ದರೆ (ಪೇಯರ್ ಪ್ಯಾಚ್) ಇಲಿಯಮ್. ಒಂಟಿ ಗಂಟನ್ನು ಮಾತ್ರ ನಂಬಬೇಡಿ, ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಎರಡೂ ಇಲ್ಲ, ವಿಲ್ಲೈ ಉದ್ದವಾಗಿವೆ ಎಂದಾದರೆ ಸಾಮಾನ್ಯವಾಗಿ ಜೆಜುನಮ್. ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳು ಡಿಯೋಡಿನಮ್‌ನಿಂದ ಇಲಿಯಮ್ ಕಡೆಗೆ ಹೋದಂತೆ ಹೆಚ್ಚುತ್ತವೆ.

ಹೆಚ್ಚಿನವರು ತಪ್ಪುವುದು ಇಲ್ಲಿ: ಅಡ್ಡ ಕತ್ತರಿಸಿದ ವಿಲ್ಲಸ್ ದ್ವೀಪದಂತೆ ಕಾಣುತ್ತದೆ, ಸುತ್ತ ಎಪಿಥೀಲಿಯಂ (ಹೊದಿಕೆಯ ಕೋಶಪದರ), ನಡುವೆ ಲ್ಯಾಮಿನಾ ಪ್ರೊಪ್ರಿಯಾ (ಆ ಪದರದ ಕೆಳಗಿನ ಸಡಿಲ ಅಂಗಾಂಶ). ಕ್ರಿಪ್ಟ್ ಇದಕ್ಕೆ ತಿರುಗುಮುರುಗು: ನಡುವೆ ಖಾಲಿ ರಂಧ್ರ, ಸುತ್ತ ಕೋಶ, ಅದರಾಚೆ ಲ್ಯಾಮಿನಾ ಪ್ರೊಪ್ರಿಯಾ. ಕ್ರಿಪ್ಟ್ ತಳದ ಕೋಶಗಳಲ್ಲಿ ಹೊಳೆಯುವ ಕೆಂಪು ಕಣಗಳಿದ್ದರೆ ಅವು ಪ್ಯಾನೆತ್ ಕೋಶಗಳು.

ಇನ್ನು, ವಿಲ್ಲಸ್ ತುದಿಯ ಎಪಿಥೀಲಿಯಂ ಉದುರಿದ್ದರೆ ಕೂಡಲೇ ರೋಗ ಎನ್ನಬೇಡಿ; ಬಹಳ ಸಲ ಅದು ಅಂಗಾಂಶವನ್ನು ಫಾರ್ಮಲಿನ್‌ಗೆ (ಅದು ಕೆಡದಂತೆ ಕಾಯುವ ದ್ರವಕ್ಕೆ) ತಡವಾಗಿ ಹಾಕಿದ ಫಲ.