ಮಣಿಕಟ್ಟಿನ ಸರಪಳಿ

ಓದುಗರು ಕೇಳಿದ್ದು, ನಿವೃತ್ತ ಭೂಮಾಪಕ ಉತ್ತರಿಸಿದ್ದು

ಪ್ರಶ್ನೆ: ನನ್ನ ಬಳಿ 2015ರ ಮಾದರಿಯ ಗಾರ್ಮಿನ್ ಫೀನಿಕ್ಸ್ 3 ಜಿಪಿಎಸ್ ಗಡಿಯಾರ ಇದೆ. ಕಳೆದ ಡಿಸೆಂಬರಿನಲ್ಲಿ ಗೆಳೆಯನೊಂದಿಗೆ ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದೆ. ತುದಿ ಮುಟ್ಟಿದಾಗ ನನ್ನ ಗಡಿಯಾರ 11.6 ಕಿ.ಮೀ. ತೋರಿಸುತ್ತಿತ್ತು, ಅವನ ಫೋರ್‌ರನ್ನರ್ 255 ಮಾತ್ರ 12.5 ಎನ್ನುತ್ತಿತ್ತು. ನನ್ನದನ್ನು ಮೂಲೆಗೆ ಹಾಕುವ ಕಾಲ ಬಂತೇ?
– ಓದುಗ, ಸುಳ್ಯ

ಉತ್ತರ: ಮೂಲೆಗೆ ಹಾಕುವ ಮೊದಲು ಅದರ ಸೆಟ್ಟಿಂಗ್ ನೋಡಿ. ಆ ಗಡಿಯಾರದಲ್ಲಿ ಅಲ್ಟ್ರಾಟ್ರ್ಯಾಕ್ ಎಂಬ ಉಳಿತಾಯದ ವಿಧಾನವಿದೆ. 20 ಗಂಟೆ ಬರುವ ಚಾರ್ಜು ಅದರಲ್ಲಿ 50 ಗಂಟೆ ಬರುತ್ತದೆ ಎಂದು ಕಂಪನಿ ಹೇಳುತ್ತದೆ. ಉಳಿತಾಯ ಎಲ್ಲಿಂದ ಬಂತು? ನೀವು ಎಲ್ಲಿದ್ದೀರಿ ಎಂದು ಅದು ಆಗೊಮ್ಮೆ ಈಗೊಮ್ಮೆ ಮಾತ್ರ ನೋಡುತ್ತದೆ. ಗಿರಿಗದ್ದೆಯ ಭಟ್ಟರ ಮನೆಯವರೆಗಿನ ಕಾಡುದಾರಿ ಹೊರಳುತ್ತ ಹೋಗುವುದು ನಿಮಗೆ ಗೊತ್ತು. ಗುರುತುಗಳು ದೂರ ದೂರವಾದಷ್ಟೂ ತಿರುವುಗಳು ನುಂಗಿಹೋಗುತ್ತವೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಳುಕುವ ಹಳ್ಳದ ದಂಡೆಯನ್ನು ನಾಲ್ಕೇ ಗೂಟ ನೆಟ್ಟು ಅಳೆದು ಮೇಲಧಿಕಾರಿಯಿಂದ ಬೈಸಿಕೊಂಡವನು ನಾನು. ನಿಮ್ಮ ಗಡಿಯಾರವೂ ಅದೇ ತಪ್ಪು ಮಾಡಿರಬಹುದು. ಪ್ರತಿ ಸೆಕೆಂಡಿಗೊಮ್ಮೆ ಗುರುತು ಹಾಕುವಂತೆ ಬದಲಿಸಿ, ಇನ್ನೊಮ್ಮೆ ಹತ್ತಿ ನೋಡಿ.

ಆಗಲೂ ವ್ಯತ್ಯಾಸ ಬಂದರೆ ಒಟ್ಟು ಅಂಕಿಯನ್ನು ನೋಡಬೇಡಿ, ಗಡಿಯಾರ ನಕ್ಷೆಯ ಮೇಲೆ ಎಳೆದ ಗೆರೆಯನ್ನು ನೋಡಿ. 12.5 ಎಂದದ್ದೇ ಸರಿ ಎಂದು ಯಾರು ಹೇಳಿದರು? ಗೆರೆ ಅತ್ತಿತ್ತ ನಡುಗಿದರೂ ದೂರ ಬೆಳೆಯುತ್ತದೆ. ಹತ್ತಿದ ದಾರಿಯಲ್ಲೇ ಇಳಿದಿದ್ದೀರಿ ತಾನೇ? ಆ ಎರಡು ಗೆರೆಗಳನ್ನು ಒಂದೇ ನಕ್ಷೆಯ ಮೇಲೆ ಹಾಕಿ. ಒಂದರ ಮೇಲೊಂದು ಕೂತರೆ ಗಡಿಯಾರ ಪ್ರಾಮಾಣಿಕ. ಎಷ್ಟು ಅಗಲುತ್ತವೆಯೋ ಹೆಚ್ಚುಕಡಿಮೆ ಅಷ್ಟು ಅದರ ತಪ್ಪು. ಹೊರಟ ಕಲ್ಲಿಗೇ ಮರಳಿ ಬಂದು ಲೆಕ್ಕ ಕೂಡುತ್ತದೆಯೇ ಎಂದು ನೋಡುವುದು ನಮ್ಮ ಕಸುಬಿನ ಹಳೆಯ ಅಭ್ಯಾಸ.

ನಾನೂ ಎರಡು ಕಟ್ಟಿಕೊಂಡು ನಡೆದಿದ್ದೇನೆ. ಎಡಗೈಗೆ 2006ರ ಕಾಲದ, ಬೆಂಕಿಪೊಟ್ಟಣದಂಥ ಒಂದು. ಬಲಗೈಗೆ ಮಗಳು ಕೊಡಿಸಿದ ಹೊಸದು. ತಾಲ್ಲೂಕು ಕ್ರೀಡಾಂಗಣದಲ್ಲಿ ಹತ್ತು ಸುತ್ತು, ಅಂದರೆ 4 ಕಿ.ಮೀ., ಹಾಕಿದಾಗ ಹಳೆಯದು 4.05, ಹೊಸದು 4.02 ತೋರಿಸಿತು. ಇಷ್ಟಕ್ಕೆ ಅಷ್ಟು ದುಡ್ಡೇ ಎಂದು ಮಗಳನ್ನು ರೇಗಿಸಿದೆ. ಮರುದಿನ ಮನೆಯ ಹಿಂದಿನ ಹಳ್ಳಕ್ಕೆ ಇಳಿದಾಗ ಬಾಯಿ ಮುಚ್ಚಬೇಕಾಯಿತು. ಎರಡೂ ಕಡೆ ದರೆ, ಮೇಲೆ ಹಲಸು, ಮಳೆ ಬಿಟ್ಟು ತೊಟ್ಟಿಕ್ಕುವ ಎಲೆ. ಹೊಸದರ ಗೆರೆ ಕಾಲುದಾರಿಯ ಮೇಲೇ ಇತ್ತು. ಹಳೆಯದರ ಗೆರೆ ಹತ್ತು ಮೀಟರ್, ಅಂದರೆ ನಮ್ಮ 33 ಅಡಿ ಸರಪಳಿಯ ಹೆಚ್ಚುಕಡಿಮೆ ಒಂದು ಉದ್ದ, ಪಕ್ಕದವರ ಕಾಫಿಯೊಳಗೆ ನುಗ್ಗಿತ್ತು. ಆ ನಕ್ಷೆಯನ್ನು ನಂಬಿದರೆ ನಾನು ದಿನಾ ಬೆಳಿಗ್ಗೆ ಒತ್ತುವರಿ ಮಾಡುತ್ತಿದ್ದೇನೆ.

ಕಾರಣ ಇಷ್ಟೆ. ಬಾವಿಗೆ ಇಣುಕಿ ಕೂಗಿದರೆ ಕೂಗೂ ಪ್ರತಿಧ್ವನಿಯೂ ಕಲಸಿಹೋಗುತ್ತವೆ. ಉಪಗ್ರಹದ ಸಂಕೇತವೂ ಬಂಡೆಗೆ, ಒದ್ದೆ ಮರಕ್ಕೆ ಬಡಿದು ಸುತ್ತಿಕೊಂಡು ಬಂದರೆ ಗಡಿಯಾರ ಆ ಸುತ್ತು ದಾರಿಯನ್ನೇ ನಿಜವೆಂದು ಎಣಿಸುತ್ತದೆ. ಹಳೆಯವು ಆಲಿಸುವುದು 1575.42 ಮೆಗಾಹರ್ಟ್ಸ್‌ನ ಎಲ್1 ಸಂಕೇತವನ್ನು ಮಾತ್ರ. ಆ ಸಂಕೇತ ಕಬ್ಬಿನಂತೆ ಗೆಣ್ಣು ಗೆಣ್ಣಾಗಿ ಬರುತ್ತದೆ, ಒಂದೊಂದು ಗೆಣ್ಣು ಸುಮಾರು 293 ಮೀಟರ್ ಉದ್ದ. ಹೊಸವು 1176.45 ಮೆಗಾಹರ್ಟ್ಸ್‌ನ ಎಲ್5 ಸಂಕೇತವನ್ನೂ ಕೇಳಿಸಿಕೊಳ್ಳುತ್ತವೆ. ಅದರ ಗೆಣ್ಣು ಹತ್ತರಲ್ಲೊಂದು ಪಾಲು, 29 ಮೀಟರ್. ಗೆಣ್ಣು ಸಣ್ಣದಾದಷ್ಟೂ ಕೂಗಿನಿಂದ ಪ್ರತಿಧ್ವನಿಯನ್ನು ಬಿಡಿಸುವುದು ಸುಲಭ. ನಮ್ಮ ಇಸ್ರೋದ, ದಾರಿ ತೋರುವ ನಾವಿಕ್ ಉಪಗ್ರಹಗಳು ಬಳಸುವ ಕಂಪನಾಂಕಗಳಲ್ಲೂ ಈ ಎಲ್5 ಒಂದು.

ಇದಕ್ಕೆ ಬೆಲೆ ಬ್ಯಾಟರಿಯಲ್ಲಿ ತೆರಬೇಕು. ನಿಮ್ಮ ಗೆಳೆಯನ ಗಡಿಯಾರ ಬರಿಯ ಜಿಪಿಎಸ್‌ನಲ್ಲಿ 30 ಗಂಟೆ, ಎರಡೂ ಕಂಪನಾಂಕ ತೆರೆದರೆ 16 ಗಂಟೆ ಎಂದು ಕಂಪನಿಯ ಲೆಕ್ಕ. ಅವನು ಅದನ್ನು ತೆರೆದಿದ್ದನೇ ಎಂದು ಕೇಳಿ. ಗಿರಿಗದ್ದೆ ದಾಟಿದ ಮೇಲೆ ಬಹುಪಾಲು ಬೋಳು ಹುಲ್ಲುಗಾವಲು. ಅಲ್ಲಿ ನಿಮ್ಮದಕ್ಕೂ ಅವನದಕ್ಕೂ ಹೇಳಿಕೊಳ್ಳುವಂಥ ಭೇದ ಇರಬಾರದು. ವಾರವಾರವೂ ಮಳೆಕಾಡಿನಲ್ಲಿ ಓಡುವವರಾದರೆ ಹೊಸದು ಕೊಳ್ಳಿ. ವರ್ಷಕ್ಕೆರಡು ಸಲ ಬೆಟ್ಟ ಹತ್ತುವವರಾದರೆ ಆ ದುಡ್ಡಿನಲ್ಲಿ ಒಳ್ಳೆಯ ಬೂಟು ಬರುತ್ತದೆ.

ಪ್ರಶ್ನೆ: ರಾತ್ರಿ ಗಡಿಯಾರವನ್ನು ಮೇಜಿನ ಮೇಲಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ನಮ್ಮ ಮನೆ 38 ಮೀಟರ್ ಮೇಲೇರಿದೆ! ಹೊಸ ಗಡಿಯಾರ, ಕೊಂಡು ಎರಡು ತಿಂಗಳಾಗಿಲ್ಲ.
– ಓದುಗಿ, ತೀರ್ಥಹಳ್ಳಿ

ಉತ್ತರ: ಮನೆ ಏರಿಲ್ಲ, ಗಾಳಿಯ ಒತ್ತಡ ಇಳಿದಿದೆ. ನಿಮ್ಮ ಗಡಿಯಾರ ಎತ್ತರವನ್ನು ಉಪಗ್ರಹಕ್ಕಿಂತ ಹೆಚ್ಚಾಗಿ ವಾಯುಭಾರಮಾಪಕದಿಂದ ತಿಳಿಯುತ್ತದೆ. ಒತ್ತಡ ಒಂದು ಹೆಕ್ಟೊಪಾಸ್ಕಲ್ ತಗ್ಗಿದರೆ ಅದು ಎಂಟು ಒಂಬತ್ತು ಮೀಟರ್ ಏರಿದೆ ಎಂದು ಬಗೆಯುತ್ತದೆ. ಆಷಾಢದಲ್ಲಿ ಮೋಡ ಕವಿದು ಒತ್ತಡ ನಾಲ್ಕೈದು ಹೆಕ್ಟೊಪಾಸ್ಕಲ್ ಕುಸಿದರೆ ನಿಮ್ಮ 38 ಮೀಟರ್ ಅಲ್ಲಿಗೆ ಸರಿಹೋಯಿತು. ಮಳೆಯಿಲ್ಲದ ದಿನವೂ ನಮ್ಮ ಉಷ್ಣವಲಯದಲ್ಲಿ ಒತ್ತಡಕ್ಕೆ ಸಮುದ್ರದಂತೆ ದಿನಕ್ಕೆರಡು ಏರಿಳಿತಗಳಿವೆ: ಬೆಳಿಗ್ಗೆ ಹತ್ತು, ರಾತ್ರಿ ಹತ್ತರ ಸುಮಾರಿಗೆ ಏರು, ಸಂಜೆ ನಾಲ್ಕು, ನಸುಕಿನ ನಾಲ್ಕಕ್ಕೆ ಇಳಿ. ಆದ್ದರಿಂದ ಹತ್ತಕ್ಕೆ ಹೊರಟು ನಾಲ್ಕಕ್ಕೆ ಅದೇ ಜಾಗಕ್ಕೆ ಮರಳಿದರೆ ಇಪ್ಪತ್ತು ಮೀಟರ್ ಪುಕ್ಕಟೆಯಾಗಿ ಸಿಗಬಹುದು.

ಈ ವಿಷಯದಲ್ಲಿ ಹಳೆಯದು ಹೊಸದು ಎಂಬ ಭೇದ ಕಡಿಮೆ. ಹೊರಡುವ ಮೊದಲು ಎತ್ತರ ಗೊತ್ತಿರುವ ಜಾಗದಲ್ಲಿ ಸರಿಪಡಿಸಿಕೊಳ್ಳಿ. ರೈಲ್ವೆ ನಿಲ್ದಾಣದ ಹಳದಿ ಫಲಕದ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುವುದನ್ನು ಯಾರೂ ಓದುವುದಿಲ್ಲ, ನೀವು ಓದಿ. ವಾಯುಭಾರಮಾಪಕಕ್ಕೆ ಗಾಳಿ ಹೋಗಲೆಂದು ಗಡಿಯಾರದ ಬದಿಯಲ್ಲೋ ಬೆನ್ನಲ್ಲೋ ಇರುವ ಸಣ್ಣ ತೂತುಗಳಲ್ಲಿ ಬೆವರು, ಕೆಸರು ಕಟ್ಟಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೊಳೆಯಿರಿ. ಪಿನ್ನು ಚುಚ್ಚಬೇಡಿ.

ಪ್ರಶ್ನೆ: ಟ್ರಂಕಿನಲ್ಲಿದ್ದ ಅಣ್ಣನ ಹಳೆಯ ಜಿಪಿಎಸ್ ಗಡಿಯಾರ ಚಾರ್ಜ್ ಆಯಿತು. ಆದರೆ ಉಪಗ್ರಹ ಹುಡುಕುತ್ತಲೇ ಇದೆ. ಕೊನೆಗೆ ಸಿಕ್ಕಾಗ ದಿನಾಂಕ ಹತ್ತೊಂಬತ್ತು ಚಿಲ್ಲರೆ ವರ್ಷ ಹಿಂದೆ!
– ಓದುಗ, ಧಾರವಾಡ

ಉತ್ತರ: ಎರಡೂ ಅದರ ರೋಗವಲ್ಲ, ವಯಸ್ಸು. ಯಾವ ಉಪಗ್ರಹ ಎಲ್ಲಿದೆ ಎಂಬ ಪಂಚಾಂಗವನ್ನು ಉಪಗ್ರಹಗಳೇ ಪ್ರಸಾರ ಮಾಡುತ್ತವೆ. ಅದನ್ನು ಪೂರ್ತಿ ಕೇಳಿಸಿಕೊಳ್ಳಲು ಹನ್ನೆರಡೂವರೆ ನಿಮಿಷ ಬೇಕು. ಹೊಸ ಗಡಿಯಾರಗಳು ಮೊಬೈಲಿನ ಮೂಲಕ ಉಪಗ್ರಹಗಳ ಮುಂದಿನ ದಿನಗಳ ಸ್ಥಾನಗಳನ್ನು ಮೊದಲೇ ತರಿಸಿಕೊಂಡಿರುತ್ತವೆ. ಹಾಗಾಗಿ ಹತ್ತಾರು ಸೆಕೆಂಡಿನಲ್ಲೇ ಸಿದ್ಧ. ನಿಮ್ಮದನ್ನು ಅಂಗಳದ ತುಳಸಿಕಟ್ಟೆಯ ಮೇಲೆ ಆಕಾಶ ನೋಡುವಂತೆ ಅರ್ಧ ಗಂಟೆ ಇಡಿ, ಕೈಯಲ್ಲಿ ಹಿಡಿದು ಓಡಾಡಬೇಡಿ.

ದಿನಾಂಕದ ಕಥೆ ಇನ್ನೂ ಸೊಗಸಾದದ್ದು. ಹಳೆಯ ಜಿಪಿಎಸ್ ಸಂಕೇತದಲ್ಲಿ ವಾರದ ಎಣಿಕೆಗೆ ಹತ್ತೇ ಬಿಟ್ ಜಾಗವಿದೆ. 1024 ವಾರ, ಅಂದರೆ ನಿಮ್ಮ ಹತ್ತೊಂಬತ್ತು ಚಿಲ್ಲರೆ ವರ್ಷ, ತುಂಬಿದೊಡನೆ ಮತ್ತೆ ಸೊನ್ನೆಯಿಂದ ಶುರು, ಅರವತ್ತು ಸಂವತ್ಸರ ಮುಗಿದು ಮತ್ತೆ ಪ್ರಭವ ಬಂದಂತೆ. ಹೀಗೆ ಕೊನೆಯ ಸಲ ತಿರುಗಿದ್ದು 2019ರ ಏಪ್ರಿಲ್ 6ರಂದು. ಕಂಪನಿ ತಂತ್ರಾಂಶ ತಿದ್ದಿದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೂ ದೂರ, ವೇಗ ಸರಿಯಾಗಿಯೇ ಬರಬಹುದು.

ಪ್ರಶ್ನೆ: ಬಳಸಿದ ಗಡಿಯಾರ ಕೊಳ್ಳುವಾಗ ಏನು ನೋಡಬೇಕು?
– ಓದುಗಿ, ಮೈಸೂರು

ಉತ್ತರ: ಬ್ಯಾಟರಿ. ಆಮೇಲೆ ಬ್ಯಾಟರಿ. ನಾನೊಮ್ಮೆ ಹೊಳೆಹೊಳೆಯುವುದನ್ನು ಅರ್ಧ ಬೆಲೆಗೆ ಕೊಂಡು ಬೀಗಿದೆ. ಅದು ಎರಡನೆಯ ಚಾರಣದಲ್ಲೇ, ನಾಲ್ಕೂವರೆ ಗಂಟೆ ನಡೆಯುವಷ್ಟರಲ್ಲಿ ಕಣ್ಣು ಮುಚ್ಚಿತು. ರಿಪೇರಿಗೆ ಹೇಳಿದ ಹಣ ಗಡಿಯಾರದ ಬೆಲೆಗಿಂತ ಬಹಳ ಕಡಿಮೆಯೇನೂ ಇರಲಿಲ್ಲ. ಮಾರುವವರ ಎದುರಿಗೇ ಒಂದು ಗಂಟೆ ಬಯಲಿನಲ್ಲಿ ನಡೆದು ಎಷ್ಟು ಶೇಕಡ ಇಳಿಯಿತು ನೋಡಿ. ಹತ್ತಕ್ಕಿಂತ ಹೆಚ್ಚು ಇಳಿದರೆ ನಮಸ್ಕಾರ ಹೇಳಿ ಬನ್ನಿ. ಚಾರ್ಜ್ ಪಿನ್ನುಗಳಲ್ಲಿ ಹಸಿರು ಕಿಲುಬು ಇದೆಯೇ, ಆ ಮಾದರಿಯ ಚಾರ್ಜರ್ ಈಗಲೂ ಸಿಗುತ್ತದೆಯೇ ಎಂಬುದನ್ನೂ ವಿಚಾರಿಸಿ. ಪರದೆ ಹಳೆಯ ಮಂಕು ಬಗೆಯದಾದರೆ ಮೂಗು ಮುರಿಯಬೇಡಿ. ಸ್ವಂತ ಬೆಳಕಿನ ಅಮೋಲೆಡ್ ಪರದೆ ಅಂಗಡಿಯ ದೀಪದಲ್ಲಿ ಹೊಳೆಯುತ್ತದೆ, ಈ ಮಂಕು ಪರದೆ ಮಟಮಟ ಮಧ್ಯಾಹ್ನ ಬಿಸಿಲು ಬಿದ್ದಷ್ಟೂ ಸ್ಪಷ್ಟವಾಗುತ್ತದೆ.

ಪ್ರಶ್ನೆ: ಎರಡು ಕಂಪನಾಂಕದ ಗಡಿಯಾರ ಕಟ್ಟಿಕೊಂಡು ನನ್ನ ಒಂದು ಎಕರೆ ತೋಟದ ಬೇಲಿಗುಂಟ ನಡೆದೆ. ಮೂರು ಗುಂಟೆ ಕಡಿಮೆ ಬಂತು. ನೆರೆಯವರ ಮೇಲೆ ದೂರು ಕೊಡಬಹುದೇ?
– ಓದುಗ, ಸಕಲೇಶಪುರ

ಉತ್ತರ: ದಯವಿಟ್ಟು ಬೇಡ. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 254 ಮೀಟರ್. ಗೆರೆ ಸುತ್ತಲೂ ಒಂದೇ ಒಂದು ಮೀಟರ್ ಒಳಗೆ ಸರಿದರೆ ಎರಡೂವರೆ ಗುಂಟೆ ಮಾಯ. ಮರದಡಿ ಒಂದು ಮೀಟರ್ ತಪ್ಪುವುದು ಎಷ್ಟು ಬೆಲೆಯ ಗಡಿಯಾರಕ್ಕೂ ಮಾಮೂಲು, ಜೊತೆಗೆ ನೀವು ನಡೆದದ್ದೂ ಬೇಲಿಯ ಒಳಬದಿಯಲ್ಲೇ ಇರಬೇಕು. ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವ ರೋವರ್ ಉಪಕರಣ ಬೇರೆಯೇ ಜಾತಿ. ಅದು ನೆಲೆ ಗೊತ್ತಿರುವ ಇನ್ನೊಂದು ಕೇಂದ್ರದೊಂದಿಗೆ ತಾಳೆ ನೋಡುತ್ತಲೇ ಇರುತ್ತದೆ. ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತಿಸಲು, ಅರ್ಜಿ ಹಾಕಿ. ಅಳತೆಯ ದಿನ ನೆರೆಯವರನ್ನೂ ಕರೆಯಿರಿ. ಅದಕ್ಕೂ ಮೊದಲು ಗಡಿಕಲ್ಲಿನ ಸುತ್ತ ಬೆಳೆದ ಲಂಟಾನ ಕಡಿಸಿಡಿ, ಕಲ್ಲು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.