ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಬೇಡ

ಓದುಗರ ವಾಹನ ಪ್ರಶ್ನೆಗಳಿಗೆ ಕೋಲಾರದ ಬಂಗಾರಪೇಟೆ ರಸ್ತೆಯ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಒಬ್ಬರು ಉತ್ತರಿಸುತ್ತಾರೆ. ಬಿಸಿಲು ಏರಿದ್ದರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂಜಿನ್ ತಣ್ಣಗಿಡುವ ದ್ರವವಾದ ಕೂಲಂಟ್ ಕುರಿತಾಗಿವೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನನ್ನದು ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು. ಬಾನೆಟ್ ಒಳಗಿನ ಕೂಲಂಟ್ ಡಬ್ಬಿ ಹದಿನೈದು ದಿನಕ್ಕೊಮ್ಮೆ ಕೆಳಗಿನ ಗೆರೆಗಿಂತ ಇಳಿಯುತ್ತದೆ. ಮನೆಯ ಬೋರ್‌ವೆಲ್ ನೀರನ್ನು ಸೋಸಿ ತುಂಬಿಸುತ್ತಿದ್ದೇನೆ. ಈಗ ಅದು ತುಕ್ಕಿನ ಬಣ್ಣಕ್ಕೆ ತಿರುಗಿದೆ. ಮೊಮ್ಮಕ್ಕಳೊಂದಿಗೆ ನಂದಿಬೆಟ್ಟ ಹತ್ತುವಾಗ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಹೊಸ ಕೂಲಂಟ್ ಹಾಕಿಸಿದರೆ ಸಾಕೇ? – ಮುಳಬಾಗಿಲಿನ ಓದುಗರು

ಉತ್ತರ: ಸಾಲದು ಮೇಷ್ಟ್ರೇ. ಹೊಸ ಕೂಲಂಟ್ ಹಾಕಿಸುವುದು ಕೊನೆಯ ಕೆಲಸ. ಅದಕ್ಕೂ ಮುಂಚೆ ಹಳೆಯದು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಪತ್ತೆ ಮಾಡಬೇಕು. ಆರೋಗ್ಯವಾಗಿರುವ ಕಾರಿನಲ್ಲಿ ತಿಂಗಳುಗಟ್ಟಲೆ ಓಡಿಸಿದರೂ ಡಬ್ಬಿಯ ಮಟ್ಟ ಅಷ್ಟಾಗಿ ಇಳಿಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಖಾಲಿಯಾಗುತ್ತಿದೆ ಎಂದರೆ ಎಲ್ಲಿಯೋ ಸೋರುತ್ತಿದೆ. ನೀವು ಹಾಕುತ್ತಿರುವ ನೀರು ಆ ಸೋರಿಕೆಯನ್ನು ನಿಮ್ಮಿಂದಲೇ ಬಚ್ಚಿಡುತ್ತಿದೆ.

ಇನ್ನು ಆ ಬೋರ್‌ವೆಲ್ ನೀರಿನ ವಿಷಯ. ಬಟ್ಟೆಯಲ್ಲಿ ಸೋಸಿದರೆ ಮಣ್ಣು ನಿಲ್ಲುತ್ತದೆ, ಕರಗಿದ ಸುಣ್ಣ ನಿಲ್ಲುವುದಿಲ್ಲ. ನಮ್ಮ ಜಿಲ್ಲೆಯ ಕೊಳವೆಬಾವಿಗಳ ಆಳ ಎಷ್ಟೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಷ್ಟು ಆಳದ ಬಂಡೆಯ ಸಂದಿನಿಂದ ಬರುವ ನೀರು ಗಡಸು ನೀರು. ಬಿಸಿಯಾದಾಗ ಅದರಲ್ಲಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಅಂಟಿಕೊಳ್ಳುತ್ತದೆ. ಬಚ್ಚಲಿನಲ್ಲಿ ನೀರು ಕಾಯಿಸುವ ಕಾಯಿಲ್ ತೆಗೆದು ನೋಡಿ, ಅದರ ಮೇಲಿನ ಬಿಳಿ ಚಕ್ಕೆಯೂ ಇದೇ. ಎಂಜಿನ್‌ನಲ್ಲಿ ಅದು ಎಲ್ಲಿ ಬಿಸಿ ಹೆಚ್ಚೋ ಅಲ್ಲಿಯೇ, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್‌ನ ಸುತ್ತಲೇ ಮೊದಲು ಕೂರುತ್ತದೆ. ಆ ಚಕ್ಕೆ ಶಾಖವನ್ನು ದಾಟಲು ಬಿಡುವುದಿಲ್ಲ. ಉಳಿದದ್ದು ರೇಡಿಯೇಟರ್‌ನ ಸಣ್ಣ ನಾಳಗಳನ್ನು ಕಟ್ಟುತ್ತದೆ. ತುಕ್ಕಿನ ಬಣ್ಣ ಬಂದಿರುವುದು ಕೂಲಂಟ್‌ನಲ್ಲಿದ್ದ ತುಕ್ಕುನಿರೋಧಕ ರಾಸಾಯನಿಕ ತೆಳುವಾಗಿ, ಸತ್ತುಹೋಗಿರುವುದಕ್ಕೆ ಗುರುತು.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ಹುಡುಕಿ. ಹೋಸ್ ಪೈಪುಗಳ ಕ್ಲಿಪ್ಪಿನ ಹತ್ತಿರ ಬಿಳಿ ಅಥವಾ ಬಣ್ಣದ ಪುಡಿ ಒಣಗಿದ್ದರೆ ಅಲ್ಲಿ ಸೋರಿದೆ. ರೇಡಿಯೇಟರ್‌ನ ಪ್ಲಾಸ್ಟಿಕ್ ತೊಟ್ಟಿ ಮತ್ತು ಅಲ್ಯೂಮಿನಿಯಂ ಸೇರುವ ಅಂಚನ್ನು ಬೆರಳಿನಿಂದ ಸವರಿ. ವಾಟರ್ ಪಂಪ್ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದಾಗ ಅಲ್ಲಿಂದ ಹನಿಯುತ್ತದೆ, ಅದನ್ನು ಇಟ್ಟಿರುವುದೇ ಅದಕ್ಕಾಗಿ. ಡ್ಯಾಶ್‌ಬೋರ್ಡ್ ಕೆಳಗಿನ ಕಾರ್ಪೆಟ್ ಒದ್ದೆಯಾಗಿ ಒಳಗೆ ಸಿಹಿ ವಾಸನೆ ಬರುತ್ತಿದ್ದರೆ ಹೀಟರ್‌ನ ಪುಟ್ಟ ರೇಡಿಯೇಟರ್ ತೂತಾಗಿದೆ. ಇದ್ಯಾವುದೂ ಇಲ್ಲ, ಆದರೆ ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣದ ಕೆನೆ ಇದೆ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತದೆ, ಡಬ್ಬಿಯಲ್ಲಿ ಗುಳ್ಳೆ ಏಳುತ್ತದೆ ಎಂದರೆ ಸಿಲಿಂಡರ್ ಹೆಡ್ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಹಾಗಿದ್ದರೆ ಕಾರನ್ನು ಓಡಿಸಿಕೊಂಡು ಬರಬೇಡಿ, ಎಳೆಸಿಕೊಂಡು ಬನ್ನಿ.

ನಂದಿಬೆಟ್ಟದಲ್ಲೇ ಮುಳ್ಳು ಏರಿದ್ದಕ್ಕೆ ಏರು ರಸ್ತೆಯ ಭಾರ ಒಂದು ಕಾರಣ. ಇನ್ನೊಂದು ಕಾರಣ ರೇಡಿಯೇಟರ್ ಮುಚ್ಚಳ ಇರಬಹುದು. ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ. 1478 ಮೀಟರ್ ಎತ್ತರದ ನಂದಿಯ ತುದಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಎಂಜಿನ್‌ನ ಕೂಲಂಟ್ ಸಾಮಾನ್ಯವಾಗಿಯೇ 90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದು ಕುದಿಯದಂತೆ ಹಿಡಿದಿರುವುದು ಮುಚ್ಚಳದ ಸ್ಪ್ರಿಂಗ್. ಹೆಚ್ಚಿನ ಮುಚ್ಚಳಗಳು ಸುಮಾರು 1 ಬಾರ್ ಒತ್ತಡ ಹಿಡಿಯುತ್ತವೆ, ಆ ಒತ್ತಡಕ್ಕೆ ಬರೀ ನೀರೂ 120 ಡಿಗ್ರಿಯ ಹತ್ತಿರದವರೆಗೆ ಕುದಿಯುವುದಿಲ್ಲ. ಸ್ಪ್ರಿಂಗ್ ಸೋತು, ರಬ್ಬರ್ ಸೀಳಿದರೆ ಕಾರು ಊರಿನಲ್ಲಿ ಹೇಗೋ ಓಡಿ ಬೆಟ್ಟದಲ್ಲಿ ಕೈಕೊಡುತ್ತದೆ. ಮುಚ್ಚಳವನ್ನು ಬದಲಿಸಿಬಿಡಿ, ಅದು ದುಬಾರಿ ವಸ್ತುವಲ್ಲ. ನಿಮ್ಮ ಹಳೆಯದರ ಮೇಲೆ ಬರೆದಿರುವ ಒತ್ತಡದ ಅಂಕಿಯೇ ಹೊಸದರ ಮೇಲೂ ಇರಬೇಕು.

ಇನ್ನೊಂದು ಎಚ್ಚರಿಕೆ. ಯಾರಾದರೂ ‘ಥರ್ಮೋಸ್ಟಾಟ್ ತೆಗೆದುಬಿಡೋಣ, ಬಿಸಿಯೇ ಆಗುವುದಿಲ್ಲ’ ಎಂದರೆ ಬೀಗದ ಕೈ ವಾಪಸ್ ತೆಗೆದುಕೊಂಡು ಹೊರಡಿ. ಕಷ್ಟಪಟ್ಟು ರೋಗ ಹುಡುಕುವ ಬದಲು ಅಂಗವನ್ನೇ ಕತ್ತರಿಸುವ ಈ ಚಾಳಿ ನಮ್ಮ ಕಸುಬಿನವರಲ್ಲಿ ಇನ್ನೂ ಇದೆ. ಥರ್ಮೋಸ್ಟಾಟ್ ಎಂದರೆ ಎಂಜಿನ್ ಬಿಸಿಯಾದ ಮೇಲಷ್ಟೇ ಕೂಲಂಟನ್ನು ರೇಡಿಯೇಟರ್ ಕಡೆಗೆ ಬಿಡುವ ಕವಾಟ. ಅದು ಇಲ್ಲದಿದ್ದರೆ ಎಂಜಿನ್ ಹದದ ಬಿಸಿಗೆ ಬರುವುದು ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚುತ್ತದೆ.

ಸೋರಿಕೆ ಸರಿಯಾದ ಮೇಲೆ ತೊಳೆಯುವ ಕೆಲಸ. ತಣ್ಣಗಿರುವಾಗ ಮುಚ್ಚಳ ತೆಗೆದು, ರೇಡಿಯೇಟರ್ ಕೆಳಗಿನ ತಿರುಪು ಅಥವಾ ಕೆಳಗಿನ ಹೋಸ್ ಬಿಚ್ಚಿ ಹಳೆಯದನ್ನು ಬಕೆಟ್ಟಿಗೆ ಇಳಿಸಬೇಕು. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಬೇಕು. ಆಗ ಥರ್ಮೋಸ್ಟಾಟ್ ತೆರೆದು ನೀರು ಎಲ್ಲೆಡೆ ಸುತ್ತುತ್ತದೆ. ಆರಿದ ಮೇಲೆ ಇಳಿಸಿ. ಇಳಿದ ನೀರು ತಿಳಿಯಾಗುವವರೆಗೂ ಇದನ್ನೇ ಮತ್ತೆ ಮಾಡಬೇಕು. ನಿಮ್ಮ ಕಾರಿಗೆ ಒಂದೆರಡು ಸಲಕ್ಕೆ ಮುಗಿಯುವುದಿಲ್ಲ ಎಂಬುದು ನನ್ನ ಅಂದಾಜು. ಆ್ಯಸಿಡ್ ಹಾಕಿ ತೊಳೆಯುತ್ತೇವೆ ಎನ್ನುವವರಿಗೆ ಒಪ್ಪಬೇಡಿ, ಅಲ್ಯೂಮಿನಿಯಂ ರೇಡಿಯೇಟರ್‌ ಅದನ್ನು ತಡೆಯುವುದಿಲ್ಲ.

ಕೊನೆಗೆ ತುಂಬುವಾಗ ಒಂದು ಲೆಕ್ಕ ಇದೆ. ಎಷ್ಟೇ ಇಳಿಸಿದರೂ ತೊಳೆದ ನೀರು ಎಂಜಿನ್ ಒಳಗೆ ಒಂದಷ್ಟು ಉಳಿದಿರುತ್ತದೆ. ಅದರ ಮೇಲೆ ಬೆರೆಸಿ ಮಾರುವ ಸಿದ್ಧ ಕೂಲಂಟ್ ಸುರಿದರೆ ತೆಳುವಾಗುತ್ತದೆ. ಆದ್ದರಿಂದ ನೀರು ಬೆರೆಸದ ಗಟ್ಟಿ ಕೂಲಂಟ್ ಕೊಳ್ಳಿ. ಕಾರಿನ ಕೈಪಿಡಿಯಲ್ಲಿ ಒಟ್ಟು ಅಳತೆ 4.5 ಲೀಟರ್ ಎಂದಿದ್ದರೆ ಮೊದಲು 2.25 ಲೀಟರ್ ಗಟ್ಟಿ ಕೂಲಂಟ್, ಆಮೇಲೆ ಹಿಡಿಸುವಷ್ಟು ಡಿಸ್ಟಿಲ್ಡ್ ವಾಟರ್. ಕಾರಿನ ಮೂತಿಯನ್ನು ಸ್ವಲ್ಪ ಏರಿನಲ್ಲಿ ನಿಲ್ಲಿಸಿ, ಹೀಟರ್ ತೆರೆದಿಟ್ಟು, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಓಡಿಸಿದರೆ ಒಳಗಿನ ಗಾಳಿ ಹೊರಬರುತ್ತದೆ. ಗಾಳಿ ಸಿಕ್ಕಿಕೊಂಡರೆ ಹೊಸ ಕೂಲಂಟ್ ಇದ್ದೂ ಮುಳ್ಳು ಏರುತ್ತದೆ. ಮರುದಿನ ಬೆಳಿಗ್ಗೆ ಮಟ್ಟ ನೋಡಿ, ಇಳಿದಿದ್ದಷ್ಟು ತುಂಬಿ.

ಪ್ರಶ್ನೆ: ನಮ್ಮಲ್ಲಿ ಹಿಮ ಬೀಳುವುದಿಲ್ಲ. ಹಾಗಿದ್ದ ಮೇಲೆ ಹೆಪ್ಪುಗಟ್ಟದಂತೆ ತಡೆಯುವ ಆಂಟಿಫ್ರೀಜ್ ಇರುವ ಕೂಲಂಟ್ ಯಾಕೆ? ಊರಿನ ಶುದ್ಧ ನೀರಿನ ಘಟಕದ ನೀರು ಹಾಕಬಾರದೇ? – ಚಿಂತಾಮಣಿಯ ಓದುಗರು

ಉತ್ತರ: ನಿಮ್ಮ ಅನುಮಾನದಲ್ಲಿ ಅರ್ಧ ಸತ್ಯ ಇದೆ. ಶಾಖ ಹೊರುವುದರಲ್ಲಿ ಬರೀ ನೀರು ಕೂಲಂಟ್ ಮಿಶ್ರಣಕ್ಕಿಂತ ಮೇಲು. ಕೂಲಂಟ್‌ನ ಮುಖ್ಯ ರಾಸಾಯನಿಕವಾದ ಎಥಿಲೀನ್ ಗ್ಲೈಕಾಲನ್ನು ನೀರಿಗೆ ಅರ್ಧಕ್ಕರ್ಧ ಬೆರೆಸಿದರೆ ಮೈನಸ್ 37 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ, ಅದು ಚಿಂತಾಮಣಿಗೆ ಬೇಕಾಗಿಲ್ಲ, ಒಪ್ಪಿದೆ. ಆದರೆ ಅದೇ ಗ್ಲೈಕಾಲ್ ಕುದಿಯುವ ಬಿಂದುವನ್ನು ಮೇಲಕ್ಕೆ ತಳ್ಳುತ್ತದೆ, ಜೊತೆಯಲ್ಲಿರುವ ರಾಸಾಯನಿಕ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತುಕ್ಕಿನಿಂದ ಕಾಯುತ್ತದೆ. ನಮಗೆ ಬೇಕಾದದ್ದು ಇವೆರಡು. ‘ಇಷ್ಟು ಒಳ್ಳೆಯದಾದರೆ ನೀರೇ ಇಲ್ಲದೆ ಪೂರ್ತಿ ಕೂಲಂಟ್ ಹಾಕುತ್ತೇನೆ’ ಎಂದು ಹೊರಡಬೇಡಿ. ಗಟ್ಟಿಯಾದಷ್ಟೂ ಶಾಖ ಹೊರುವ ಶಕ್ತಿ ಕುಗ್ಗುತ್ತದೆ.

ಘಟಕದ ನೀರು ಬೋರ್‌ವೆಲ್ ನೀರಿಗಿಂತ ಎಷ್ಟೋ ವಾಸಿ. ಆದರೂ ಅದು ಕುಡಿಯುವ ನೀರು, ಲವಣ ಪೂರ್ತಿ ಹೋಗಿರುವುದಿಲ್ಲ. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಹಾಕಿ, ಮನೆಯಲ್ಲಿ ಇರುವಾಗ ಬೇಡ.

ಪ್ರಶ್ನೆ: ಕೋಲಾರ ಎಪಿಎಂಸಿಗೆ ಪಿಕಪ್‌ನಲ್ಲಿ ಟೊಮೆಟೊ ಹೊರುತ್ತೇನೆ. ಬಿಸಿಯಾದಾಗ ಒದ್ದೆ ಗೋಣಿಚೀಲ ಹಾಕಿ ರೇಡಿಯೇಟರ್ ಮುಚ್ಚಳ ತೆಗೆಯುತ್ತೇನೆ. ಸರಿಯೇ? – ಶ್ರೀನಿವಾಸಪುರದ ಓದುಗರು

ಉತ್ತರ: ತಪ್ಪು ತಮ್ಮಾ, ತಪ್ಪು. ಮುಚ್ಚಳ ಸಡಿಲವಾದ ಕ್ಷಣದಲ್ಲಿ ಒತ್ತಡ ಹೋಗಿ ಒಳಗಿನದೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಗೋಣಿಚೀಲ ಅದನ್ನು ತಡೆಯುವುದಿಲ್ಲ. ಮುಳ್ಳು ಏರತೊಡಗಿದರೆ ಎಸಿ ಇದ್ದರೆ ಆರಿಸಿ, ಹೀಟರ್ ಹಾಕಿ, ಅದು ಎಂಜಿನ್ನಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಬೆವರು ಬರುತ್ತದೆ, ಬರಲಿ. ಆದಷ್ಟು ಬೇಗ ಪಕ್ಕಕ್ಕೆ ನಿಲ್ಲಿಸಿ. ಹಬೆ ಕಂಡರೆ ಎಂಜಿನ್ ಆರಿಸಿಬಿಡಿ. ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿದು ಅಮುಕುವಂತಾಗುವವರೆಗೆ ಮುಚ್ಚಳದ ಹತ್ತಿರ ಹೋಗಬೇಡಿ, ಅರ್ಧ ಗಂಟೆಗೂ ಹೆಚ್ಚು ಬೇಕಾಗಬಹುದು. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು. ಮಂಡಿಯಲ್ಲಿ ಹರಾಜು ತಪ್ಪುತ್ತದೆ ಎಂಬ ಅವಸರ ನನಗೂ ಗೊತ್ತು. ಆದರೆ ಹೆಡ್ ಕೆಲಸಕ್ಕೆ ಗಾಡಿ ಬಿಚ್ಚಿದರೆ ಆ ವಾರದ ಹರಾಜುಗಳೆಲ್ಲ ತಪ್ಪುತ್ತವೆ.

ಪ್ರಶ್ನೆ: ಡಬ್ಬಿಯಲ್ಲಿ ಹಸಿರು ಕೂಲಂಟ್ ಇದೆ, ಅಂಗಡಿಯಲ್ಲಿ ಗುಲಾಬಿ ಬಣ್ಣದ್ದು ಕೊಟ್ಟರು. ಬೆರೆಸಬಹುದೇ? – ಮಾಲೂರಿನ ಓದುಗರು

ಉತ್ತರ: ಬೇಡ. ಬಣ್ಣ ಬರೀ ಬಣ್ಣ, ಅದಕ್ಕೆ ಎಲ್ಲ ಕಂಪನಿಗಳಿಗೂ ಅನ್ವಯಿಸುವ ನಿಯಮ ಇಲ್ಲ. ಒಂದೇ ಬಣ್ಣದ ಎರಡು ಕೂಲಂಟ್‌ಗಳೂ ಬೇರೆ ಬೇರೆ ಜಾತಿಯವಾಗಿರಬಹುದು. ಹಳೆಯ ಮಾದರಿಯವು ಸಾಮಾನ್ಯವಾಗಿ ಎರಡು ವರ್ಷಕ್ಕೆ, ಸಾವಯವ ಆಮ್ಲದ ಹೊಸವು ಐದು ವರ್ಷದ ಆಸುಪಾಸಿಗೆ ಬದಲಿಸುವಂಥವು. ಬೆರೆಸಿದರೆ ಬಾಳಿಕೆ ಕುಗ್ಗುತ್ತದೆ, ಕೆಲವು ಜೋಡಿಗಳು ಲೋಳೆಗಟ್ಟುವುದೂ ಉಂಟು. ಕೈಪಿಡಿಯಲ್ಲಿ ಹೇಳಿರುವ ಮಾದರಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ.

ಪ್ರಶ್ನೆ: ನಾನೇ ಕೂಲಂಟ್ ಬದಲಿಸಿದೆ, ಎಲ್ಲ ಚೆನ್ನಾಗಿದೆ. ಇಳಿಸಿದ ಹಳೆಯದು ಹಿತ್ತಲಿನಲ್ಲಿ ಬಕೆಟ್ಟಿನಲ್ಲಿದೆ. ಚರಂಡಿಗೆ ಸುರಿಯಲೇ? – ಬಂಗಾರಪೇಟೆಯ ಓದುಗರು

ಉತ್ತರ: ತಾಯಿ, ಈ ಪತ್ರಿಕೆ ಕೆಳಗಿಟ್ಟು ಮೊದಲು ಆ ಬಕೆಟ್ ಮುಚ್ಚಿ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ, ಮಕ್ಕಳಿಗೂ ಅದೇ ಅಪಾಯ. ಚರಂಡಿಗೂ ಬೇಡ, ಗಿಡಕ್ಕೂ ಬೇಡ, ಕೆರೆಯ ಕಡೆಗಂತೂ ಬೇಡವೇ ಬೇಡ. ಗಟ್ಟಿ ಮುಚ್ಚಳದ ಕ್ಯಾನಿಗೆ ತುಂಬಿ, ಮೇಲೆ ‘ವಿಷ’ ಎಂದು ಬರೆದು, ಹಳೆಯ ಆಯಿಲ್ ಸಂಗ್ರಹಿಸಿ ಕಳುಹಿಸುವ ಸರ್ವಿಸ್ ಸೆಂಟರ್‌ನಲ್ಲಿ ಇದನ್ನೂ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ ಒಪ್ಪಿಸಿ. ಆದರೆ ಆಯಿಲ್ ಡ್ರಮ್ಮಿಗೆ ಸುರಿಯಲು ಬಿಡಬೇಡಿ, ಎರಡೂ ಬೆರೆತರೆ ಆ ಆಯಿಲ್ ಕೂಡ ಮರುಬಳಕೆಗೆ ಬರುವುದಿಲ್ಲ. ನೀರಿನ ಬಾಟಲಿಗೆ ತುಂಬಿ ಎಲ್ಲಿಯೂ ಇಡಬೇಡಿ. ಬಕೆಟ್ಟನ್ನು ಮತ್ತೆ ಬಚ್ಚಲಿಗೆ ಬಳಸಬೇಡಿ, ಮುಂದಿನ ಸಲದ ಕೂಲಂಟ್ ಇಳಿಸುವುದಕ್ಕೇ ಇಟ್ಟುಕೊಳ್ಳಿ.